ನನ್ನ ಜೇಬಿನ ಕತ್ತರಿ

ಕೊರೊನಾ ಕಳೆದ ಮರುವರ್ಷ ನಾನು ಕೊಳತ್ತೂರು ಭಾಗದಲ್ಲಿ ತೋಟಗಾರಿಕೆ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಒಂದು ಬೆಳಿಗ್ಗೆ ದಾಳಿಂಬೆ ಬೆಳೆಯುವ ಮಾದಮ್ಮ ಫೋನ್ ಮಾಡಿದರು.

"ಸಾರ್, ಕಾಯಿ ಮ್ಯಾಗೆಲ್ಲಾ ಎಣ್ಣೆ ಹನಿಸಿದಂಗೆ ಮಚ್ಚೆ ಐತೆ. ಬಿರ್ನೆ ಬನ್ನಿ, ಬಯ ಆಯ್ತದೆ."

ಹೋಗಿ ನೋಡಿದೆ. ಮಚ್ಚೆ ಕಪ್ಪಾಗಿ ಕಾಯಿಗಳು ಸೀಳಿದ್ದವು. ಬ್ಯಾಕ್ಟೀರಿಯಲ್ ಬ್ಲೈಟ್, ಅಂದರೆ ದುಂಡಾಣು ಅಂಗಮಾರಿ. ಮಳೆಹನಿಯಲ್ಲಿ, ಗಾಳಿಯಲ್ಲಿ, ಗಿಡದ ಗಾಯದಲ್ಲಿ ಹಬ್ಬುವ ರೋಗ. ಒಳಹೊಕ್ಕ ಮೇಲೆ ಪೂರ್ತಿ ತೆಗೆಯುವ ಔಷಧಿ ಇಲ್ಲ. ಎರಡು ಮೈಲಿ ಆಚೆಯ ಇನ್ನೆರಡು ತೋಟಗಳಲ್ಲೂ ಅದೇ ಮಚ್ಚೆ ಕಂಡಿತು.

ಊರವರು ಕುರಿ ಸಾಕುವ ಕರಿಯಪ್ಪನ ಮೇಲೆ ಬಿದ್ದರು. ಗೊಬ್ಬರಕ್ಕೆಂದು ಅವನ ಮಂದೆ ಮಾದಮ್ಮನ ತೋಟದಲ್ಲಿ ಎರಡು ವಾರ ನಿಂತಿತ್ತು. "ಕುರಿಯಿಂದ್ಲೇ ಬಂದಿದ್ದಾ ಸಾರ್?" ಎಂದು ಕೇಳಿದರು. ನಾನು, ಮಹಾ ಪಂಡಿತ, "ಇರಬಹುದು" ಅಂದೆ. ಅಷ್ಟೇ ಸಾಕಾಯಿತು. ಇನ್ನು ಯಾವ ತೋಟಕ್ಕೂ ಅವನ ಮಂದೆ ಬಿಡಬಾರದೆಂದು ತೀರ್ಮಾನಿಸಿದರು.

ಮಧ್ಯಾಹ್ನ ಕರಿಯಪ್ಪ ಆಫೀಸಿಗೇ ಬಂದ. "ಆ ಎರಡು ತೋಟಕ್ಕೆ ನನ್ ಕುರಿ ಕಾಲೇ ಇಟ್ಟಿಲ್ಲ ಸಾರ್. ಮೂರ್ ಕಡೀಕೂ ಯಾರ್ ಓಗಿದ್ರು, ನೀವೇ ಯೋಳಿ."

ಡೈರಿ ತೆಗೆದೆ. ಮೂರು ತೋಟಗಳಿಗೂ ಒಂದೇ ದಿನ ಹೋದವನು ನಾನು! ಕವಾತು, ಅಂದರೆ ರೆಂಬೆ ಸವರುವುದನ್ನು ತೋರಿಸಲು ಹೋಗಿದ್ದೆ. ಮೊದಲು ಹೋದದ್ದು ಕುರಿ ಕಾಲಿಡದ ತೋಟಕ್ಕೆ; ಅಲ್ಲಿನ ಕೊಂಬೆಯಲ್ಲಿ ಕಪ್ಪು ಗಾಯ ಕಂಡಿದ್ದರೂ ಬಿಸಿಲಿಗೆ ಸುಟ್ಟ ಕಲೆ ಅಂದುಕೊಂಡಿದ್ದೆ. ಗಿಡದಿಂದ ಗಿಡಕ್ಕೆ ಕತ್ತರಿಯನ್ನು ಬ್ಲೀಚಿಂಗ್ ನೀರಿಗೆ ಅದ್ದಿ ಎಂದು ಪಾಠ ಹೇಳುವ ಬಾಯಿ ನನ್ನದೇ. ಅವತ್ತು ಬಕೆಟ್ ಜೀಪಿನಲ್ಲೇ ಉಳಿದಿತ್ತು. ಊಟಕ್ಕೆ ಹೊತ್ತಾಯಿತೆಂದು ಕರವಸ್ತ್ರದಲ್ಲಿ ಒರೆಸಿ, ಜೇಬಿಗಿಟ್ಟುಕೊಂಡು ಮುಂದೆ ಹೋಗಿದ್ದೆ.

ಅಯ್ಯೋ, ಎಂಥ ಹೆದರಿಕೆ ಅದು! ಕೆಲಸ ಹೋದರೆ? ಪಿಂಚಣಿ ನಿಂತರೆ? ಡೈರಿ ಮುಚ್ಚಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕರಿಯಪ್ಪ ಎದುರಿಗೇ ನಿಂತಿದ್ದ. "ನಾಳೆ ಮಾದಮ್ಮನ ತೋಟಕ್ಕೆ ಬಾರಪ್ಪ" ಅಂದೆ.

ಮರುದಿನ ಎಲ್ಲರ ಮುಂದೆ ಹೇಳಿದೆ. "ಕುರಿಯಲ್ಲ. ರೋಗ ಹೊತ್ತು ತಂದಿದ್ದು ನನ್ನ ಕತ್ತರಿ."

ಹೊಡೆದರೂ ಹೊಡೆದಾರು ಅಂದುಕೊಂಡೆ. ಡೈರಿಯ ಆ ಪುಟ ತೆರೆದು ಅವರ ಮುಂದೆ ಹಿಡಿದೆ.

ರೋಗದ ಕೊಂಬೆ ಕಡಿದು ಸುಟ್ಟು, ಉಳಿದವಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಸುಣ್ಣದ ನೀರು ಹೊಡೆಯಬೇಕಿತ್ತು. ಕತ್ತರಿ ಹಿಡಿದು ಒಳಗೆ ಹೊರಟೆ. ಮಾದಮ್ಮ ಅಡ್ಡ ನಿಂತರು. ಅವರ ಕಾಲ ಬಳಿ ಬ್ಲೀಚಿಂಗ್ ನೀರಿನ ಬಕೆಟ್ ಇತ್ತು.

"ಮೊದ್ಲು ಅದ್ದಿ ಸಾರ್. ಆಮ್ಯಾಕೆ ಒಳೀಕ್ ಬನ್ನಿ."

ಅದ್ದಿದೆ. ಅರ್ಧ ತೋಟ ಉಳಿಯಿತು, ಕರಿಯಪ್ಪನ ಮಂದೆ ಮತ್ತೆ ಬಂತು. ರೋಗ ಎಲ್ಲಿಂದ ಬಂತೆಂದು ಹುಡುಕುವವನು ಮೊದಲು ತನ್ನ ಕೈ ನೋಡಿಕೊಳ್ಳಬೇಕು, ನೌಕರಿ ನನಗೆ ಕಲಿಸಿದ್ದು ಇಷ್ಟೇ. ಈಗಲೂ ಯಾರದೇ ತೋಟದ ಬೇಲಿ ಹತ್ತಿರ ಹೋದರೆ ಕಣ್ಣು ಬಕೆಟ್ ಹುಡುಕುತ್ತದೆ.