ಹಗೇವಿಗೆ ಇಳಿಸಿದ ದೀಪ

ಕಳೆದ ವಾರ ಕುರುಬರಹಳ್ಳಿಯ ನಮ್ಮ ಮನೆಯ ಸಂಪು ತೊಳೆಸಿದೆ. ಕಬ್ಬಿಣದ ಮುಚ್ಚಳ ಎತ್ತಿದ್ದೇ ತಡ, ಒಳಗಿನಿಂದ ಬೆಚ್ಚಗಿನ ಹುಳಿ ವಾಸನೆಯೊಂದು ಮುಖಕ್ಕೆ ಬಡಿಯಿತು. ಹಳೆಯ ರಾಗಿ, ಮುಗ್ಗಿದ ಹುಲ್ಲು, ಎಷ್ಟೋ ಕಾಲ ಯಾರೂ ಉಸಿರಾಡದ ಗಾಳಿ... ನೀರಿನ ಸಂಪಿನಲ್ಲಿ ರಾಗಿ ಎಲ್ಲಿಂದ ಬರಬೇಕು? ಆದರೂ ನನ್ನ ಮೂಗಿಗೆ ಬಂದದ್ದು ಅದೇ. ತೊಳೆಯಲು ಬಂದವರು ಏಣಿ ಇಳಿಸುವುದರಲ್ಲಿದ್ದರು. "ಇರಣ್ಣ, ಒಂದ್ನಿಮಿಷ" ಎಂದು ಒಳಗೆ ಓಡಿ ದೇವರ ಮನೆಯ ದೀಪ ತಂದು ಬಕೆಟ್ಟಿನಲ್ಲಿಟ್ಟೆ. ಈ ಹೆಂಗಸಿಗೆ ತಲೆ ಕೆಟ್ಟಿದೆ ಎಂದು ಅವರು ಅಂದುಕೊಂಡಿರಬೇಕು. ಒಂದು ಕಾಲದಲ್ಲಿ ಒಬ್ಬ ಅಜ್ಜಿಯ ಬಗ್ಗೆ ನಾನು ಅಂದುಕೊಂಡದ್ದೂ ಅದನ್ನೇ.

ಆಗ ನಾನು ಮಲ್ಲತ್ತಹಳ್ಳಿ ಕೆರೆಯ ಆಚೆಗಿದ್ದ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸು. ಆ ಅಜ್ಜಿಯ ಕೋಣೆ ಕೆಳಗಿನ ಮಹಡಿಯ ಕೊನೆಯಲ್ಲಿ, ಹಿತ್ತಿಲ ಕಿಟಕಿಯ ಪಕ್ಕ. ಸುತ್ತಲಿನ ಸೈಟುಗಳೆಲ್ಲ ಹೊಲವಾಗಿದ್ದ ಕಾಲದಲ್ಲಿ ಆಕೆ ಅಲ್ಲೇ ಹುಟ್ಟಿ ಬೆಳೆದವಳು. ಕಳೆ ಕೀಳುವುದು, ಒಕ್ಕಣೆ ಮಾಡುವುದು, ಎಮ್ಮೆ ಕಟ್ಟುವುದು, ಎಲ್ಲ ಆ ಕೈಗಳಿಗೆ ಗೊತ್ತಿತ್ತು. ನಮ್ಮ ಅಡುಗೆಯವಳು ಮಾಡಿದ ಮುದ್ದೆಯನ್ನು ಒಂದು ಸಲ ಒತ್ತಿ ನೋಡಿ, "ಇದುನ್ನ ಗೋಡೆ ಬಿರುಕಿಗೆ ಮೆತ್ತವ್ವ, ಗಟ್ಟಿಯಾಗಿ ನಿಲ್ತದೆ" ಎಂದಿದ್ದಳು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಎಲ್ರೂ ಮನೆ ಬುಟ್ಟು ಒಂಟೋದ್ರೆ ಕರೆಯೋರು ಯಾರವ್ವ?" ಎಂದಳು. ಯಾರನ್ನು ಕರೆಯುವುದು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅಜ್ಜಿಗೆ ಎರಡು ಗೀಳು. ಬಚ್ಚಲಿಗೆ ಯಾರೇ ಹೋಗಲಿ, ಮೊದಲು ಒಳಗೆ ದೀಪ ಹಿಡಿಯಬೇಕು. ನಾನು ಮೊಬೈಲಿನ ಟಾರ್ಚ್ ಹಾಕಿ ತೋರಿಸುತ್ತಿದ್ದೆ. ಅದಕ್ಕೂ ತಕರಾರು. "ಅದು ಆರಲ್ಲ ಕಣವ್ವ. ಆರದೇ ಇರೋ ಬೆಳಕು ಏನೂ ಹೇಳಾಕಿಲ್ಲ." ಇನ್ನೊಂದು, ಮಧ್ಯಾಹ್ನ ಊಟವಾದ ಮೇಲೆ ಬಚ್ಚಲ ಮೋರಿಯ ಜಾಲರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಅಣ್ಣಾ..." ಎಂದು ಕೂಗುವುದು. ಕೂಗಿ, ಕಿವಿ ಕೊಟ್ಟು ಕಾಯುವುದು. ಮತ್ತೆ ಕೂಗುವುದು. ನನಗೋ ಮೂಗಿನ ತುದಿಯಲ್ಲೇ ಕೋಪ. ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಯಾರಿಗೆ ಕೆಲಸ ಎಂದು ಗದರಿಸಿ ಎಬ್ಬಿಸುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೆ ಎಬ್ಬಿಸಲು ಹೋದಾಗ ಅಜ್ಜಿ ಬೆರಳೆತ್ತಿ ನನ್ನನ್ನು ತಡೆದಳು. "ಓಗೊಟ್ಟ. ಕೇಳಿಸ್ತಾ?"

ಕೇಳಿಸಿತ್ತು. ಜಾಲರಿಯ ಕೆಳಗಿನಿಂದ, ದೂರದಿಂದ, ಯಾರೋ ಕೆಲಸದ ನಡುವೆ ಗಂಟಲಲ್ಲೇ ಅಂದಂತೆ... ಹ್ಞೂಂ. ಮೇಲಿನ ಮಹಡಿಯಲ್ಲಿ ಯಾರೋ ನೀರು ಬಿಟ್ಟಿರಬೇಕು ಎಂದೆ. ಹೇಳಿದ ಮೇಲೆ ನೆನಪಾಯಿತು, ಬೆಳಗ್ಗಿನಿಂದ ಟ್ಯಾಂಕಿನಲ್ಲಿ ಹನಿ ನೀರಿರಲಿಲ್ಲ.

ಅವತ್ತು ಹಾಸಿಗೆಯ ಮೇಲೆ ಕೂತು ಅಜ್ಜಿ ಸ್ವಲ್ಪ ಹೇಳಿದಳು. ಹಿಂದೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿದ ಗುಂಡಿ, ಕತ್ತು ಸಣ್ಣದು, ಹೊಟ್ಟೆ ದೊಡ್ಡದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ತೆಗೆದ ದಿನ ಯಾರೂ ಇಳಿಯುವಂತಿಲ್ಲ, ಒಳಗಿನ ಗಾಳಿ ವಿಷ. ಮಾರನೆಯ ದಿನ ಬುಟ್ಟಿಯಲ್ಲಿ ಹಣತೆ ಇಟ್ಟು ಇಳಿಸಬೇಕು. ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಇಳಿದವನನ್ನು ಮೇಲಿನವರು ಬಿಡದೆ ಕೂಗುತ್ತಿರಬೇಕು, ಅವನು ಹ್ಞೂಂ ಎನ್ನುತ್ತಿರಬೇಕು. "ನಮ್ಮಣ್ಣ ಇಳಿದ. ಎಲ್ಡು ಸಲ ಓಗೊಟ್ಟ..." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೂ ಏನೋ ಇತ್ತು. ಅದು ಹೊರಗೆ ಬರಲಿಲ್ಲ.

ನೀರಿನ ತೊಂದರೆ ಹೆಚ್ಚಾಗಿ ಮಾಲೀಕರು ಹಿತ್ತಿಲಲ್ಲಿ ಇನ್ನೊಂದು ಸಂಪು ತೋಡಿಸಲು ಶುರು ಮಾಡಿದರು. ಮೂರನೆಯ ದಿನ ಬೆಳಗ್ಗೆ ಹಾರೆ ಠಣ್ಣೆಂದಿತು. ಚಪ್ಪಡಿ. ಸರಿಸಿದರೆ ಒಬ್ಬ ಆಳು ಇಳಿಯುವಷ್ಟು ದುಂಡನೆಯ ಬಾಯಿ, ಒಳಗೆ ಕತ್ತಲು. ಆ ವಾಸನೆ ಕಾರಿಡಾರಿನ ತುದಿಯವರೆಗೂ ಬಂತು. ಕಿಟಕಿಯಿಂದ ಅಜ್ಜಿ ಕಿರುಚಿದ ಕಿರುಚಾಟಕ್ಕೆ ನಾನು ಗಾಲಿಕುರ್ಚಿಯಲ್ಲಿ ಕೂರಿಸಿ ಅವಳನ್ನು ಹೊರಗೆ ತರಲೇಬೇಕಾಯಿತು.

"ನಮ್ದೇ ಕಣವ್ವ ಇದು. ಅವತ್ತು ಮುಚ್ಚಿದ್ದುನ್ನ ಅಪ್ಪ ಮತ್ತೆ ತೆಗೀಲೇ ಇಲ್ಲ. ದೀಪ ಬುಡು!"

ಮೇಸ್ತ್ರಿ ಆಗಲೇ ಲುಂಗಿ ಎತ್ತಿ ಕಟ್ಟಿ ಕಾಲು ಇಳಿಬಿಟ್ಟು ಕೂತಿದ್ದರು. ಆಳ ಎಷ್ಟಿದೆ ನೋಡಬೇಕಲ್ಲ. ಅಜ್ಜಿಯ ಬಾಯಿ ಮುಚ್ಚಿಸಿದರೆ ಸಾಕೆಂದು ನಾನು ಹಣತೆ ಹಚ್ಚಿ ಬಕೆಟ್ಟಿನಲ್ಲಿಟ್ಟು ಹಗ್ಗ ಬಿಟ್ಟೆ. ನಾಲ್ಕು ಮೊಳ ಇಳಿಯಿತೋ ಇಲ್ಲವೋ, ದೀಪ ಸಣ್ಣಗಾಗಿ ಆರಿಹೋಯಿತು.

"ಗಾಳಿಗೆ ಆರಿದೆ ಸಿಸ್ಟರ್. ಮೇಲೆತ್ತಿ ಹಚ್ಚಿ, ಅಜ್ಜಿಗೆ ತೋರಿಸ್ಬಿಡಿ, ಸಮಾಧಾನ ಆಗ್ತಾರೆ. ಟೈಮಿಲ್ಲ," ಎಂದರು ಮಾಲೀಕರು.

ಸುಳ್ಳು ಯಾಕೆ ಹೇಳಲಿ, ಎತ್ತಿದೆ. ಬೆಂಕಿಪೊಟ್ಟಣಕ್ಕೂ ಕೈ ಹಾಕಿದೆ. ಆಗ ಅಜ್ಜಿ ಕೇಳಿದಳು, ತೀರಾ ಸಣ್ಣ ದನಿಯಲ್ಲಿ. "ಉರೀತಾ ಐತಾ ಮಗಾ?"

ಆ ದನಿ ಮುದುಕಿಯದಾಗಿರಲಿಲ್ಲ. ಒಂಬತ್ತು ವರ್ಷದ ಹುಡುಗಿಯದು.

"ಇಲ್ಲಜ್ಜಿ. ಆರೋಯ್ತು."

ಮೇಸ್ತ್ರಿ ಕಾಲು ಎಳೆದುಕೊಂಡರು. ಇನ್ನೊಮ್ಮೆ ಹಚ್ಚಿ ಇಳಿಸಿದೆ. ಅಷ್ಟೇ ಆಳಕ್ಕೆ ಮತ್ತೆ ಆರಿತು. ಆಮೇಲೆ ಯಾರೂ ಟೈಮಿನ ಮಾತೆತ್ತಲಿಲ್ಲ.

ಅಜ್ಜಿ ಹೋ ಎಂದು ಅತ್ತಳು. ಅಳುತ್ತಲೇ ಉಳಿದದ್ದನ್ನು ಹೇಳಿದಳು. ಮನೆಗೆ ನೆಂಟರು ಬಂದಿದ್ದರು, ಹಿಟ್ಟು ಮುಗಿದಿತ್ತು, ಬೆಳಗ್ಗೆ ತೆಗೆದ ಹಗೇವಿಗೆ ಮಧ್ಯಾಹ್ನವೇ ಇಳಿಯುವ ಅವಸರ. ದೀಪ ಬಿಡುವ ಕೆಲಸ ಒಂಬತ್ತು ವರ್ಷದ ಇವಳದು. ಅರ್ಧದಲ್ಲಿ ಆರಿತು. ತಾನೇ ಗೋಡೆಗೆ ತಾಗಿಸಿ ಎಣ್ಣೆ ಚೆಲ್ಲಿದೆ ಎಂದುಕೊಂಡಳು. ಹಿಂದಿನ ದಿನವಷ್ಟೇ ಎಣ್ಣೆ ಚೆಲ್ಲಿ ಏಟು ತಿಂದಿದ್ದಳು. ಅಪ್ಪ ಆ ಕಡೆ ತಿರುಗಿ ಹಗ್ಗ ಬಿಡಿಸುತ್ತಿದ್ದಾಗ ಸದ್ದಿಲ್ಲದೆ ಮೇಲೆತ್ತಿ, ಹಚ್ಚಿ, "ಉರೀತಾ ಐತೆ ಅಪ್ಪಾ" ಎಂದಿದ್ದಳು. ಆ ಮಾತು ನಂಬಿ ಇಳಿದ ಅಣ್ಣ ಮೂರನೆಯ ಕೂಗಿಗೆ ಓಗೊಡಲಿಲ್ಲ, ಹೆಣವಾಗಿ ಮೇಲೆ ಬಂದ. "ಎಪ್ಪತ್ತು ವರ್ಸ ಆಯ್ತು ಕಣವ್ವ. ಯಾರ್ಗೂ ಹೇಳಿಲ್ಲ. ಅವುನ್ಗೂ ಹೇಳಿಲ್ಲ." ಹಾಗೆಂದು ಗುಂಡಿಯ ಕಡೆ ನೋಡಿದಳು. ನಾನು ಅವಳ ಕೈ ಹಿಡಿದುಕೊಂಡೆ. ನೀನು ಮಗುವಾಗಿದ್ದೆ ಬಿಡಜ್ಜಿ ಎಂದು ಹೇಳಬಹುದಿತ್ತು. ಆದರೆ ಬೆಂಕಿಪೊಟ್ಟಣ ಇನ್ನೂ ನನ್ನ ಕೈಯಲ್ಲೇ ಇತ್ತು.

ಮಾರನೆಯ ದಿನದಿಂದ ಅಜ್ಜಿ ಜಾಲರಿಯ ಹತ್ತಿರ ಹೋಗಲಿಲ್ಲ. ಗುಂಡಿಗೆ ಜಲ್ಲಿ ಸುರಿದು ಮುಚ್ಚಿದರು. ಎರಡು ವಾರವೂ ಕಳೆಯಲಿಲ್ಲ, ಒಂದು ಬೆಳಗ್ಗೆ ಕಾಫಿ ಕೊಡಲು ಹೋದರೆ ಅಜ್ಜಿ ಇರಲಿಲ್ಲ... ದೇಹ ಮಾತ್ರ ಕಿಟಕಿಯ ಕಡೆ ತಿರುಗಿ ಮಲಗಿತ್ತು. ನನ್ನ ಸ್ವಂತ ಅಜ್ಜಿ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ನಮ್ಮ ಸಂಪಿನಲ್ಲಿ ದೀಪ ತಳ ಮುಟ್ಟುವವರೆಗೂ ಉರಿಯಿತು. ತೊಳೆಯಲು ಬಂದ ಅಣ್ಣ ಇಳಿದರು. ನಾನು ಬಾಯಿಯ ಹತ್ತಿರ ಕೂತು, "ಅಣ್ಣಾ" ಎಂದು ಕೂಗುತ್ತಲೇ ಇದ್ದೆ. ಅವರು ನಗುತ್ತ ಹ್ಞೂಂ ಎನ್ನುತ್ತಿದ್ದರು. ಅವರು ಕೆಲಸ ಮುಗಿಸಿ ಮೇಲೆ ಬಂದು ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಾಗ, ಬಾಯಿಗೆ ರೂಢಿಯಾಗಿತ್ತೋ ಏನೋ, ಖಾಲಿ ಸಂಪಿನ ಕಡೆ ಬಗ್ಗಿ ಇನ್ನೊಮ್ಮೆ ಕೂಗಿಬಿಟ್ಟೆ.

ಹ್ಞೂಂ, ಎಂದಿತು ಒಳಗಿನಿಂದ.

ಈ ಸಲ ಅದು ಹೆಣ್ಣುದನಿ. ನಾನು ಮುಚ್ಚಳ ಮುಚ್ಚಲಿಲ್ಲ. ದೀಪವನ್ನು ಬಾಯಿಯ ಹತ್ತಿರವೇ ಇಟ್ಟು, ಕತ್ತಲಾಗುವವರೆಗೂ ಅಲ್ಲೇ ಕೂತು, "ಅಜ್ಜೀ... ಉರೀತಾ ಇದೆ ಕಣಜ್ಜಿ, ಮೇಲೆ ಬಾ" ಎಂದು ಕರೆದೆ. ಮತ್ತೆ ಓಗೊಡಲಿಲ್ಲ.