ನಡುಗೋಡೆಯ ಆಚೆ

ಪಕ್ಕದ ಮನೆಯ ಅಜ್ಜಿ ತೀರಿಕೊಂಡ ಮಾರನೆಯ ದಿನ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಡಬ್ಲಿನ್ನಿನ ನಮ್ಮ ಹಳೆಯ ಕೆಂಪು ಇಟ್ಟಿಗೆಯ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಮ್ಮ ಹಾಲಿಗೂ ಅವರ ಹಾಲಿಗೂ ನಡುವೆ ಇರುವುದು ಒಂದೇ ಗೋಡೆ. ಅದರಾಚೆ ಅಜ್ಜಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಮುಚ್ಚಳ ತೆಗೆದಿಟ್ಟಿದ್ದರು. ಜನ ಬಂದು ನೋಡುತ್ತಿದ್ದರು. ಬಂದವರು ಬೇಗ ಹೋಗುತ್ತಲೂ ಇರಲಿಲ್ಲ. ಟೀ ಕುಡಿದು, ಸ್ಯಾಂಡ್‌ವಿಚ್ ತಿಂದು, ಅಜ್ಜಿಯ ಹಳೆಯ ತಮಾಷೆಗಳನ್ನು ಹೇಳಿಕೊಂಡು ಹೋ ಎಂದು ನಗುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚದ ಕಡೆಯಿಂದ ಬಂದ ನನಗೆ ಆ ನಗು ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿಗೆ ಹೋಗಲಾಗದ ಹೊಟ್ಟೆಯುರಿಯೂ ಅದರಲ್ಲಿ ಸೇರಿತ್ತು.

ನನಗೆ ಆಗ ಏಳು ತಿಂಗಳು ತುಂಬಿತ್ತು. ಮೈಸೂರಿನಿಂದ ಅಮ್ಮ ಬೆಳಿಗ್ಗೆಯೇ ವಿಡಿಯೊ ಕಾಲ್ ಮಾಡಿ ಕಟ್ಟಪ್ಪಣೆ ಹೊರಡಿಸಿದ್ದಳು.

"ನೋಡು, ಆ ಕಡೆ ತಲೆ ಹಾಕ್ಬೇಡ. ಬಸುರಿ ಹೆಂಗಸು ಹೆಣದ ಮುಖ ನೋಡ್ಬಾರ್ದು. ಹೋದ ಸಲ ಆಗಿದ್ದು ಸಾಲ್ದಾ?"

ಹೋದ ಸಲದ ಮಾತು ಬಂದ ಕೂಡಲೇ ಹೂಂ ಎಂದು ಫೋನ್ ಇಟ್ಟೆ. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಗಂಡನಾದರೂ ನನ್ನ ಪರ ನಿಲ್ಲುತ್ತಾನೆ ಅಂದುಕೊಂಡಿದ್ದೆ. ಮಹಾನುಭಾವ ಡ್ಯೂಟಿಗೆ ಹೊರಡುತ್ತ, ಶೂ ಲೇಸ್ ಕಟ್ಟಿಕೊಳ್ಳುತ್ತ, "ಸೈಂಟಿಫಿಕ್ಕಾಗಿ ಅದೇನೂ ಇಲ್ಲ. ಆದ್ರೂ ಹೋಗ್ಬೇಡ ಬಿಡು," ಎಂದ. ಅಷ್ಟು ವರ್ಷ ಓದಿದ್ದು ದಂಡ.

ಹೋದ ಸಲ ನಮ್ಮ ಮಗು ಹೊಟ್ಟೆಯಲ್ಲಿ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ, ಗಂಡ ಕೆಲಸಕ್ಕೆ ಹೋದ ಒಂದು ಬೆಳಿಗ್ಗೆ, ಈ ಗೋಡೆಗೇ ಒರಗಿ ಕೂತು ಅಳುತ್ತಿದ್ದೆ. ಆಚೆಯಿಂದ ಟಕ್ ಟಕ್ ಎಂದಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಒಂದು ಪಾತ್ರೆ ಸೂಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಳೆಗೂ ಗ್ರ್ಯಾಂಡ್, ಮಂಡಿ ನೋವಿಗೂ ಗ್ರ್ಯಾಂಡ್, ಅಂದರೆ ಎಲ್ಲ ಚೆನ್ನಾಗಿದೆ, ಎನ್ನುತ್ತಿದ್ದ ಹೆಂಗಸು ಆ ದಿನ ಆ ಮಾತು ಎತ್ತಲಿಲ್ಲ. ಪಕ್ಕದಲ್ಲಿ ಕೂತು ಬೀದಿಯ ಕತೆ ಹೇಳಿದರು. ಯಾವ ಮನೆಯಲ್ಲಿ ಕೋಣೆಗೊಂದು ಸಂಸಾರವಿತ್ತು, ಕಲ್ಲಿದ್ದಲಿನ ಗಾಡಿ ಎಲ್ಲಿ ನಿಲ್ಲುತ್ತಿತ್ತು, ಯಾರ ಮಗ ಹಡಗು ಹತ್ತಿ ಹೋದವನು ವಾಪಸ್ಸು ಬರಲಿಲ್ಲ. ಅವರು ಹುಟ್ಟಿದ್ದೂ ಅದೇ ಮನೆಯಲ್ಲಿ. ಹೊರಡುವಾಗ, "ನಂದೂ ಒಂದು ಹೋಗಿತ್ತು," ಎಂದಷ್ಟೇ ಹೇಳಿದರು.

ಅಲ್ಲಿಂದ ದಿನಾ ಬೆಳಿಗ್ಗೆ ಗೋಡೆ ತಟ್ಟುವುದು ರೂಢಿಯಾಯಿತು. ಅವರು ಕುರ್ಚಿಯಲ್ಲಿ ಕೂತಲ್ಲಿಂದಲೇ ಟೀ ಚಮಚದಿಂದ ತಟ್ಟುತ್ತಿದ್ದರು. ಹಾಗಾಗಿ ಶಬ್ದ ಯಾವಾಗಲೂ ಕೆಳಗಿನಿಂದ ಬರುತ್ತಿತ್ತು. ನಾನು ಮರಳಿ ತಟ್ಟುವುದು ತಡವಾದರೆ ಎರಡನೇ ಬಾರಿ ಜೋರಾಗಿ ಬೀಳುತ್ತಿತ್ತು. ಮನೆಯಿಂದಲೇ ಕೆಲಸ ಮಾಡುವ ನನ್ನ ಆಫೀಸಿನ ಮೀಟಿಂಗಿನಲ್ಲಿ "ಮನೇಲಿ ರಿಪೇರಿ ನಡೀತಿದ್ಯಾ?" ಎಂದು ಬೆಂಗಳೂರಿನವರು ಕೇಳುತ್ತಿದ್ದರು.

ಪ್ರತಿ ಶನಿವಾರ ಅಜ್ಜಿ ಬ್ರಷ್ ಹಿಡಿದು ತಮ್ಮ ಬಾಗಿಲ ಮೆಟ್ಟಿಲು ಉಜ್ಜುತ್ತಿದ್ದರು. ಇಲ್ಲಿನ ಹಳೆಯ ಹೆಂಗಸರ ಪದ್ಧತಿಯಂತೆ ಅದು. ಉಜ್ಜುತ್ತ ಉಜ್ಜುತ್ತ ನಮ್ಮ ಮೆಟ್ಟಿಲಿಗೂ ಬರುತ್ತಿದ್ದರು, ನಾನು ಎಳೆದ ರಂಗೋಲಿಯಷ್ಟನ್ನು ಬಿಟ್ಟು ಸುತ್ತಲೂ ತೊಳೆಯುತ್ತಿದ್ದರು. ಬೇಡ ಎಂದರೆ ಕೇಳುವ ಜಾತಿಯಲ್ಲ.

ಅಂಥವರ ಮುಖ ಕೊನೆಯದಾಗಿ ನೋಡದೆ ಕಳಿಸುವುದು ಹೇಗೆ? ಹೋದರೆ, ನಾಳೆ ಏನಾದರೂ ಆದರೆ, ನನ್ನನ್ನು ನಾನೇ ಕ್ಷಮಿಸಿಕೊಳ್ಳುವುದು ಹೇಗೆ? ಲ್ಯಾಪ್‌ಟಾಪ್ ತೆರೆದೆ, ಮುಚ್ಚಿದೆ. ಫ್ರಿಜ್ ತೆರೆದು ಏನು ಬೇಕಿತ್ತು ಎಂಬುದನ್ನೇ ಮರೆತೆ. ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಹೋಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ವಾಪಸ್ಸು ಬಂದೆ. ನನಗೆ ಭಯವಾಗಿತ್ತು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಅಜ್ಜಿಯ ಮಗಳು, ತಲೆ ಬೆಳ್ಳಗಾದವರು, ಮುಚ್ಚಿದ ತಟ್ಟೆಯಲ್ಲಿ ಕೇಕ್ ಹಿಡಿದು ನಿಂತಿದ್ದರು. ನಾನು ಕಾಲು ಊತ, ಸೊಂಟ ನೋವು ಎಂದು ತಡವರಿಸಿದೆ.

"ಅದೆಲ್ಲ ಹೇಳೋದು ಬೇಡಮ್ಮ," ಎಂದರು ಅವರು ತಮ್ಮ ಇಂಗ್ಲಿಷಿನಲ್ಲಿ. "ಅವಳನ್ನ ಒಳಗೆ ಕರೀಬೇಡಿ, ಬಸುರಿ ಹೆಂಗಸು ಹೆಣ ನೋಡೋದು ಒಳ್ಳೇದಲ್ಲ ಅಂತ ಸಾಯೋ ಮುಂಚೆ ಅಮ್ಮನೇ ಹೇಳಿದ್ರು. ಪೆಟ್ಟಿಗೆ ಆ ಗೋಡೆಗೆ ಒತ್ತಿ ಇಡಿ, ಅವಳು ಆ ಕಡೆಯಿಂದ ತಟ್ತಾಳೆ ಅಂದಿದ್ರು. ಹಾಗೇ ಇಟ್ಟಿದೀವಿ. ಬೆಳಿಗ್ಗೆಯಿಂದ ಕಾಯ್ತಿದೀವಿ."

ಮೈಸೂರಿನ ನನ್ನಮ್ಮನೂ ಡಬ್ಲಿನ್ನಿನ ಈ ಅಜ್ಜಿಯೂ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ. ಆದರೂ ಮಾತಾಡಿಕೊಂಡವರ ಹಾಗೆ ಒಂದೇ ಮಾತು ಹೇಳಿದ್ದರು.

ಅಜ್ಜಿಯ ಮಗಳು ಹೋದ ಮೇಲೆ ಅಡುಗೆಮನೆಯಿಂದ ಚಮಚ ತಂದು, ಸೋಫಾ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತೆ. ಟಕ್ ಟಕ್ ಎಂದು ತಟ್ಟಿದೆ. ಆಚೆಯ ನಗು ಗಕ್ಕನೆ ನಿಂತಿತು. ಆಮೇಲೆ ಯಾರೋ ತಿರುಗಿ ತಟ್ಟಿದರು, ಎತ್ತರದಿಂದ, ಬೆರಳ ಗೆಣ್ಣಿನಿಂದ. ಇನ್ನೊಬ್ಬರು ತಟ್ಟಿದರು. ಗೋಡೆಯ ಉದ್ದಕ್ಕೂ ಟಕ್ ಟಕ್ ಎನ್ನತೊಡಗಿತು.

ಆ ಕೆಳಗಿನ ಜಾಗದಿಂದ ಮಾತ್ರ ಏನೂ ಬರಲಿಲ್ಲ. ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ಕಾದೆ. ಆಮೇಲೆ ಅಳು ಬಂತು.