ಮುದ್ರೆಯಿಲ್ಲದ ಚಾಕು

ಪಾರ್ಸಲಿನ ಗಂಟಿನ ಮೇಲೆ ಅರಗು ಕರಗಿಸಿ ಬಿಡುವಾಗ ಒಂದು ವಾಸನೆ ಬರುತ್ತದಲ್ಲ, ಅದನ್ನು ನೀವೂ ಅಂಚೆ ಕಚೇರಿಯಲ್ಲಿ ಮೂಸಿರುತ್ತೀರಿ. ನನಗೆ ಆ ವಾಸನೆ ಬಂದರೆ ಕಣ್ಣ ಮುಂದೆ ಕಬ್ಬಿನ ಸೋಗೆ ಅಲುಗಾಡುತ್ತದೆ. ಗಾಳಿಯಿಲ್ಲದ ಮಧ್ಯಾಹ್ನ, ಒಂದೇ ಕಡೆ.

ಇವತ್ತು ಮನೆಯಲ್ಲೇ ಮೇಣದಬತ್ತಿ ಹಚ್ಚಿಕೊಂಡು ಅರಗು ಕಾಯಿಸಿದೆ. ಪಾರ್ಸಲಿನೊಳಗೆ ಒಂದು ಹಳೆಯ ಬೇಟೆಯ ಚಾಕು. ಅಲಗು ಬೇರೆ, ಹಿಡಿ ಬೇರೆ. ಸೋದರಮಾವ ಬೋರಣ್ಣನ ಮಗ ಪುಟ್ಟಸ್ವಾಮಿ ಕಳಿಸಿದ್ದ. ‘ಅಟ್ಟದಲ್ಲಿ ಸಿಕ್ಕಿತು. ಇಂಗ್ಲೆಂಡಿನದು ಅಂತ ನೀವು ಹೇಳಿದ್ದಿರಂತೆ, ಅಪ್ಪ ಕೊನೆಯವರೆಗೂ ಅದನ್ನೇ ಹೇಳುತ್ತಿದ್ದ. ಎಲ್ಲೂ ಹೆಸರಿಲ್ಲ. ಯಾರು ಮಾಡಿದ್ದು, ಬರೆದು ತಿಳಿಸಿ.’ ನಾನು ಬರೆದೆ: ‘ಮುದ್ರೆಯಿಲ್ಲ, ಹೇಳಲಾಗದು.’ ಬರೆದು, ಚಾಕುವಿನ ಜೊತೆ ವಾಪಸು ಕಳಿಸಲು ಸುತ್ತಿ, ಅರಗು ಹಾಕಿದೆ. ವಾಸನೆ ಬಂತು.

ಆಗ ಯುದ್ಧದ ಕಾಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕೆಲಸ ಸಿಗುವವರೆಗೆ ಎಂದು ಮಳವಳ್ಳಿ ಕಡೆ ಬೋರಣ್ಣ ಮಾವನ ಮನೆಯಲ್ಲಿ ಬಂದು ಕೂತಿದ್ದೆ. ಉರಿಬಿಸಿಲಿನಲ್ಲೂ ಕೋಟು ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಬಿ.ಎ. ಕಾಣುವುದೆಲ್ಲಿ? ನಾಲೆಯ ನೀರು ಬಂದು ಮಾವನ ರಾಗಿ ಹೊಲ ಕಬ್ಬಿನ ಗದ್ದೆಯಾಗಿತ್ತು. ಕಬ್ಬಿನ ಹಿಂದೆಯೇ ಕಾಡುಹಂದಿಗಳೂ ಬಂದಿದ್ದವು. ಯುದ್ಧದಿಂದಾಗಿ ಹೊಸ ಕಬ್ಬಿಣ ಸಿಗುತ್ತಿರಲಿಲ್ಲ. ಕಟಾವು ಹತ್ತಿರ ಬಂದಾಗ ಮಾವ ಹಂದಿಗೆಂದು ಅಟ್ಟದಿಂದ ಅವರಪ್ಪನ ಚಾಕು ಇಳಿಸಿದರು. ಮಡಚುವ ಚಾಕಲ್ಲ, ಗೇಣುದ್ದದ ಅಲಗು, ಜಿಂಕೆ ಕೊಂಬಿನ ಹಿಡಿ, ಮೈತುಂಬ ಹೊಗೆ ಮತ್ತು ಜಿಡ್ಡು.

“ನೋಡ್ಲಾ, ಓದ್ದೋನು ನೀನು. ಎಲ್ಲೀದು ಇದು?”

ಕಾಲೇಜಿನ ಲೈಬ್ರರಿಯಲ್ಲಿ ಬೇಟೆಯ ಚಾಕುಗಳ ಚಿತ್ರಗಳಿದ್ದ ಪುಸ್ತಕವೊಂದಿತ್ತು. ಪರೀಕ್ಷೆಯ ಚರಿತ್ರೆಗಿಂತ ಅದನ್ನೇ ಹೆಚ್ಚು ತಿರುವಿಹಾಕಿದ್ದೆ. ಅದರ ಪ್ರಕಾರ ಮಾಡಿದವರ ಮುದ್ರೆ ಹಿಡಿಯ ಬುಡದಲ್ಲಿರಬೇಕು. ಮಾವ ಗದ್ದೆಗೆ ಹೋದ ಮೇಲೆ, ಜಿಡ್ಡು ಬಿಡಿಸಲು ಹಂಡೆಯಿಂದ ಕುದಿಯುವ ನೀರು ಕೊಡಿ ಎಂದು ಅತ್ತೆಯನ್ನು ಕೇಳಿದೆ.

“ಇಡಿ ಸಮೇತ ಆಕ್ತೀಯಾ? ಬ್ಯಾಡ ಕಣಪ್ಪ,” ಎಂದರು ಅತ್ತೆ.

“ಕೊಂಬು ನೆನೆಯಲ್ಲ ಅತ್ತೆ,” ಎಂದೆ. ಚಾಕುವನ್ನು ನೀರಿನಲ್ಲಿ ಮುಳುಗಿಸಿ, ಪತ್ರಿಕೆ ಓದುತ್ತ ಕೂತೆ.

ಮುದ್ರೆ ಸಿಗಲಿಲ್ಲ. ಆದರೆ ಬಿ.ಎ. ಆದವನು ಗೊತ್ತಿಲ್ಲ ಎನ್ನುವುದುಂಟೇ? ಹೆಸರೇ ಬೇಡದಷ್ಟು ದೊಡ್ಡ ಕಂಪನಿಯದು ಎಂದು ತೀರ್ಮಾನಿಸಿಬಿಟ್ಟೆ. ಮಾವ ಗದ್ದೆಯಿಂದ ಬಂದಾಗ ಹೇಳಿದೆ: “ಇಂಗ್ಲೆಂಡಿನದು ಮಾವ. ನೂರು ವರ್ಷದ್ದು.”

ಮಾವನ ಮುಖ ಅರಳಿತು. ನಮ್ಮ ಕಡೆ ಕಟಾವಿಗೆ ಮುಂಚೆ ಕುಡುಗೋಲು, ಮಚ್ಚು, ಏನೇ ಇರಲಿ, ಒಮ್ಮೆ ಊರ ಕಮ್ಮಾರನ ಕೈಗೆ ಹೋಗಿ ಬರಬೇಕು. ಅವನು ಹಿಡಿ ಎಳೆದು, ಅಲಗು ತಟ್ಟಿ, ಸದ್ದು ಕೇಳಿ, ಹೂಂ ಅಂದರೆ ಸರಿ. ಮಾವ ಚಾಕು ಹಿಡಿದು ಹೊರಟೇಬಿಟ್ಟರು. “ತಡಿ, ಸಿದ್ದಾಚಾರಿಗೊಂದ್ಸಲ ತೋರ್ಸ್ಕಂಡು ಬತ್ತೀನಿ.”

ನಾನು ನಕ್ಕೆ. “ಇಂಗ್ಲೆಂಡಿನ ಚಾಕು ಸಿದ್ದಾಚಾರಿಗೆ ಏನು ಗೊತ್ತು ಮಾವ?”

ಮಾವ ಹೊಸ್ತಿಲಲ್ಲಿ ನಿಂತರು. ಒಂದು ಗಳಿಗೆ ಯೋಚಿಸಿ ಒಳಗೆ ಬಂದರು. ಮನಸ್ಸಿನಲ್ಲಿ ಆ ಹೊಸ್ತಿಲಿನವರೆಗೆ ನಾನು ಎಷ್ಟು ಸಲ ಹಿಂದಕ್ಕೆ ಹೋಗಿ ಬಂದಿದ್ದೇನೋ.

ಕಬ್ಬನ್ನು ನಾಲ್ಕು ಕಡೆಯಿಂದಲೂ ಕಡಿಯುತ್ತ ಬರುತ್ತಾರೆ. ಕೊನೆಗೆ ನಡುವೆ ಕಣದಷ್ಟು ಜಾಗ ಉಳಿಯುತ್ತದೆ. ಗದ್ದೆಯಲ್ಲಿ ಅಡಗಿದ್ದುದೆಲ್ಲ ಸರಿದು ಸರಿದು ಅದರೊಳಗೆ ಸೇರಿರುತ್ತದೆ. ಹಂದಿ ಹೊರನುಗ್ಗುವ ಅದರ ಬಾಯಿಗೆ ಗದ್ದೆಯ ಒಡೆಯನೇ ನಿಲ್ಲಬೇಕು. ಕೂಲಿಯವರನ್ನು ನಿಲ್ಲಿಸುವುದು ಮರ್ಯಾದೆಯಲ್ಲ. ಮಾವ ಮಚ್ಚನ್ನು ಬದುವಿನಲ್ಲಿ, ನನ್ನ ಕಾಲ ಹತ್ತಿರ ನೆಟ್ಟು, ಚಾಕು ಹಿರಿದರು.

ಭರ್ಜಿ ಹಿಡಿದು ಪಕ್ಕದಲ್ಲಿದ್ದ ನೆರೆಗದ್ದೆಯ ನಂಜ ಕೂಗಿದ: “ಅಣ್ಣೋ, ಮಚ್ಚೇ ಇಟ್ಕಳಣ್ಣೋ! ಇಂಗ್ಲೀಸು ನಮ್ಮೂರ್ ಅಂದಿಗೆ ಅರ್ತಾಯ್ತದೋ ಇಲ್ವೋ!”

ಎಲ್ಲರೂ ನಕ್ಕರು. ಆಗ ಸೋಗೆ ಅಲುಗಿತು.

ಹಂದಿ ಬಂದದ್ದು ಕಾಣಿಸಲಿಲ್ಲ, ಮಾವ ಬಿದ್ದದ್ದು ಕಾಣಿಸಿತು. ಬಿದ್ದಲ್ಲಿಂದಲೇ ಅದರ ಹೆಗಲಿಗೆ ಚುಚ್ಚಿದರು. ಕೈ ಹಿಂದಕ್ಕೆ ಬಂದಾಗ ಅದರಲ್ಲಿ ಬರೀ ಹಿಡಿಯಿತ್ತು. ಅಲಗು ಹಂದಿಯ ಮೈಯಲ್ಲಿ. ಮಾವನಿಗೆ ಅದು ತಿಳಿಯಲಿಲ್ಲ. ಖಾಲಿ ಹಿಡಿಯಿಂದಲೇ ಇನ್ನೊಮ್ಮೆ, ಮತ್ತೊಮ್ಮೆ ಚುಚ್ಚಿದರು. “ಮಚ್ಚು! ಮಚ್ಚು ಕೊಡ್ಲಾ!” ಎಂದರು. ಮಚ್ಚು ನನ್ನ ಕಾಲಿಗೆ ತಗುಲುತ್ತಿತ್ತು. ನಾನು ಬಾಗಲಿಲ್ಲ. ಕನಸಿನಲ್ಲಿ ಎಷ್ಟೋ ಸಲ ಬಾಗಿದ್ದೇನೆ, ಅವತ್ತು ಬಾಗಲಿಲ್ಲ. ಹಂದಿಯನ್ನು ಕೊಂದದ್ದು ನಂಜನ ಭರ್ಜಿ. ಅಷ್ಟರಲ್ಲಿ ಅದರ ಕೋರೆ ಮಾವನ ಮಂಡಿಯನ್ನು ಸೀಳಿತ್ತು.

ಗಾಡಿ ಕಟ್ಟಿ ಮಂಡ್ಯದ ಆಸ್ಪತ್ರೆಗೆ ಒಯ್ದೆವು. ಕಾಲು ಉಳಿಯಿತು, ಮಂಡಿ ಮಡಚಲಿಲ್ಲ. ಆಮೇಲೆ ಮಾವ ನೇಗಿಲು ಹಿಡಿಯಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಲೂ ಇಲ್ಲ.

ಮನೆಗೆ ಬಂದು ಮಲಗಿದ್ದಾಗ ಸಿದ್ದಾಚಾರಿ ನೋಡಲು ಬಂದ. ಹಿಡಿಯನ್ನು ಎತ್ತಿ ತೂತಿನೊಳಗೆ ಕಣ್ಣಿಟ್ಟು, ಮೂಸಿದ. “ಅರಗು ಇಟ್ಟು ಕೂರ್ಸಿದ ಇಡಿ. ಬಿಸ್ನೀರು ಕುಡ್ದು ಅರಗು ಕರ್ಗಿ ಅಲ್ಗು ಸಡ್ಲಾಗದೆ. ಯಾರು ಆಕುದ್ರಮ್ಮ?”

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಮಾವ ಹೆಂಡತಿಯ ಕಡೆ ತಿರುಗಿದರು. “ನೀನೇನಮ್ಮಿ ತೊಳ್ದೋಳು?”

ಅತ್ತೆ ನನ್ನನ್ನು ನೋಡಲೂ ಇಲ್ಲ. “ಊಂ. ಜಿಡ್ಡಾಗಿತ್ತು,” ಎಂದರು.

ಹಿತ್ತಲಿಗೆ ಓಡಿಹೋಗಿ ಯಾಕೆ ಹಾಗೆಂದಿರಿ ಎಂದು ಕೇಳಿದೆ. ಅತ್ತೆ ಪಾತ್ರೆ ಉಜ್ಜುತ್ತಲೇ ಹೇಳಿದರು: “ನನ್ನಾದ್ರೆ ಬೈದು ನನ್ ಕೈಲೇ ಉಣ್ತಾರೆ. ನಿನ್ನಾದ್ರೆ ಮಾತೇ ಬುಟ್ಬುಡ್ತಾರೆ. ಓಗು, ಕೆಲ್ಸ ನೋಡ್ಕೊ.”

ಊರು ಬಿಡುವ ಮುನ್ನ ಕುಲುಮೆಗೆ ಹೋಗಿ, ಅಲಗು ಎಲ್ಲಿಯದು ಎಂದು ಸಿದ್ದಾಚಾರಿಯನ್ನು ಕೇಳಿದೆ. ಅವನು ತಿದಿ ಒತ್ತುತ್ತ ನಕ್ಕ. “ನಮ್ಮಪ್ಪ ಮಾಡಿದ್ದು ಕಣ್ ಬುದ್ಯೋರೆ. ಗಾಡಿ ಚಕ್ರದ ಪಟ್ಟಿ. ಬೇಟೆ ಚರ್ಮ ಸುಲಿಯಾಕೆ ಮಾಡಿದ್ದು, ಚುಚ್ಚಾಕಲ್ಲ.”

“ಗುರುತು ಯಾಕೆ ಹಾಕಲಿಲ್ಲ?”

“ಊರಿಗಿರೋದು ಒಂದೇ ಕುಲುಮೆ. ಗುರ್ತು ಯಾರ್ಗೆ ಬೇಕು? ಕೇಳಿದ್ರೆ ಯೋಳ್ತಿದ್ದೆ.”

ಕೆಲಸ ಸಿಕ್ಕಿತು, ನಾನು ಹೊರಟೆ. ಪ್ರತಿ ಸಲ ಬಂದಾಗಲೂ ಮಾವ ಗೋಡೆ ಹಿಡಿದು ಎದ್ದು, “ಎಲ್ಲಾ ಇವಳ ಬಿಸ್ನೀರಿನ ಪರ್ಸಾದ,” ಎನ್ನುತ್ತಿದ್ದರು. ಅತ್ತೆ ನನಗೆ ತಟ್ಟೆಯಿಡುತ್ತಿದ್ದರು. ನಾನು ಉಂಡು ಬರುತ್ತಿದ್ದೆ. ಮಾವ ತೀರಿಕೊಂಡ ದಿನವೂ ಹೇಳಲಿಲ್ಲ.

ಪುಟ್ಟಸ್ವಾಮಿಯ ಚೀಟಿಯ ಕೊನೆಯ ಸಾಲನ್ನು ನಿಮಗೆ ಹೇಳದೆ ಮುಚ್ಚಿಟ್ಟಿದ್ದೆ, ಅಭ್ಯಾಸ. ಅದು ಹೀಗಿದೆ: ‘ಮುದ್ರೆ ಹುಡುಕುವಾಗ ಬಿಸಿನೀರಿಗೆ ಹಾಕಬೇಡ ಅಂತ ಅಮ್ಮ ಹೇಳಿಕಳಿಸಿದ್ದಾಳೆ. ಹೇಳಿ, ತನ್ನಷ್ಟಕ್ಕೇ ನಗುತ್ತಿದ್ದಳು.’

ಅರಗು ಇನ್ನೂ ಪೂರ್ತಿ ಆರಿರಲಿಲ್ಲ. ಉಗುರಿನಿಂದ ಕಿತ್ತೆ. ಹಳೆಯ ಚೀಟಿ ತೆಗೆದು ಹೊಸದನ್ನು ಬರೆದೆ: ‘ಮಾಡಿದವನು ಸಿದ್ದಾಚಾರಿಯ ಅಪ್ಪ. ಬಿಸಿನೀರಿಗೆ ಹಾಕಿದವನು ನಾನು. ಪುಟ್ಟಸ್ವಾಮಿ, ಇದನ್ನು ಮನೆಯವರನ್ನೆಲ್ಲ ಕೂರಿಸಿ, ನಿನ್ನಮ್ಮನ ಮುಂದೆ ಗಟ್ಟಿಯಾಗಿ ಓದು.’